ಅಪ್‌ಡೇಟ್: ಬೇವಿನ ದಿಮ್ಮಿ ಕೊನೆಗೂ ದಾರಿಗೆ ಬಂತು

ಉತ್ತರ ಹೇಳಿದ ಎಲ್ಲರಿಗೂ ಶರಣು. ಆಳಂದ ಕಡೆಯ ನಮ್ಮ ಎರೆ ಹೊಲದಲ್ಲಿ ಗಾಳಿಗೆ ಬಿದ್ದ ಬೇವಿನ ಮರ ನೆನಪಿದೆ ಅಲ್ವಾ? ಮಿನಿ ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಎಳೆದರೆ ದಿಮ್ಮಿಯ ಮೂತಿ ಮಣ್ಣಲ್ಲಿ ಹೂತು ನಿಲ್ಲುತ್ತೆ, ಏನು ಮಾಡಲಿ ಅಂತ ಕೇಳಿದ್ದೆ.

ನೀವು ಹೇಳಿದ ಕಮಾನು ಗಾಡಿ ಮಾಡಿಸಿದೆ. ಹಳೆ ಟೈರ್ ಬಂಡಿಯ ಎರಡು ಗಾಲಿ, ಅವುಗಳ ಮೇಲೆ ಬಾಗಿಸಿದ ದಪ್ಪ ಪೈಪು, ನಡುವೆ ಕೊಕ್ಕೆ, ಮುಂದೆ ಉದ್ದನೆಯ ಮೂಕಿ, ಅಂದ್ರೆ ಗಾಡಿ ಎಳೆಯುವ ಕಂಬ. ಕಮಾನನ್ನು ದಿಮ್ಮಿಯ ಮೇಲೆ ನಿಲ್ಲಿಸಿ, ಮೂಕಿ ಮೇಲೆತ್ತಿ ಸರಪಳಿ ಬಿಗಿಯಬೇಕು. ಆಮೇಲೆ ಮೂಕಿ ಕೆಳಗೆ ಒತ್ತಿದರೆ ದಿಮ್ಮಿಯ ತಲೆ ತಾನೇ ಏಳುತ್ತೆ. 8 ಅಡಿ ಉದ್ದದ ಹಸಿ ದಿಮ್ಮಿ, ಮೂರು ಕ್ವಿಂಟಲ್ ಮೇಲೆಯೇ ಇರಬೇಕು. ನಾನೂ ತಮ್ಮನೂ ಇಬ್ಬರೇ ಎತ್ತಿದೆವು! ಎಷ್ಟು ಖುಷಿ ಆಯ್ತು ಗೊತ್ತಾ.

ಮೊದಲ ದಿನ ಒಂದು ತಪ್ಪು ಮಾಡಿದೆ. ಸರಪಳಿಯನ್ನು ದಿಮ್ಮಿಯ ನಡುಮಧ್ಯಕ್ಕೆ ಕಟ್ಟಿದ್ದೆ. ಬಾಲವೂ ಗಾಳಿಯಲ್ಲಿ. ಹಳ್ಳದ ಇಳಿಜಾರಿನಲ್ಲಿ ಇಡೀ ಭಾರ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳಿತು, ಎದೆ ಝಲ್ ಅಂತು. ಈಗ ದಪ್ಪ ತುದಿಯಿಂದ ಎರಡಡಿ ಬಿಟ್ಟು ಕಟ್ಟುತ್ತೇನೆ. ಬಾಲ ನೆಲಕ್ಕೆ ಉಜ್ಜುತ್ತಾ ಬರುತ್ತೆ, ಅದೇ ಬ್ರೇಕು. ಮೂಕಿಯನ್ನು ಟ್ರ್ಯಾಕ್ಟರಿನ ಕೆಳಗಿನ ಕೊಕ್ಕೆಗೇ ಸಿಕ್ಕಿಸಿ. ಮೇಲೆ ಕಟ್ಟಿದರೆ ಮುಂದಿನ ಗಾಲಿ ಎದ್ದು ಮಗುಚುವ ಅಪಾಯ ಜಾಸ್ತಿ.

ಐದು ದಿಮ್ಮಿ ರಸ್ತೆಗೆ ಬಂದಿವೆ. ಬುಡದ ತುಂಡು ಮಾತ್ರ ಉಳಿದಿದೆ. ಅದನ್ನು ಎರಡು ಸೀಳು ಮಾಡಿ ತರುತ್ತೇನೆ.