‘ಈ ವಯಸ್ಸಲ್ಲೂ’ ಅನ್ನೋದನ್ನ ಬಿಟ್ಟು ಹಿರಿಯರ ಚಾನೆಲ್ ನಡೆಯಲ್ವಾ?

ಪುಟ್ಟ_ಎಡಿಟರ್: ಇನ್‌ಸ್ಟಾಗ್ರಾಂ ಬಯೋಗೆ, ಅಂದ್ರೆ ಖಾತೆಯ ಕಿರುಪರಿಚಯಕ್ಕೆ, ಸಿಗೋದೇ 150 ಅಕ್ಷರ. ಹಿರಿಯರ ಖಾತೆಗಳಲ್ಲಿ ಮೊದಲ ಸಾಲೇ ‘ವಯಸ್ಸು 74, ಮನಸ್ಸು 24’. ಮಾಡೋ ಕೆಲಸ ಏನು ಅಂತ ಗೊತ್ತಾಗೋದು ಮೂರನೇ ಸಾಲಲ್ಲಿ. ಇದು ಸರಿಯಾ?

ದೀಪದಬುಡ: ತಪ್ಪೇನಿದೆ? ಸ್ಕ್ರಾಲ್ ಮಾಡೋ ಬೆರಳು ನಿಲ್ಲೋದೇ ವಯಸ್ಸು ನೋಡಿ. ಜಪಾನಿನ ಹಮಾಕೊ ಮೋರಿ ‘ಗೇಮರ್ ಅಜ್ಜಿ’ ಅಂತಲೇ ಹೆಸರಾದವರು. 2020ರಲ್ಲಿ, 90ನೇ ವಯಸ್ಸಲ್ಲಿ, ಅತಿ ಹಿರಿಯ ಗೇಮಿಂಗ್ ಯೂಟ್ಯೂಬರ್ ಅಂತ ಗಿನ್ನೆಸ್ ದಾಖಲೆ ಸೇರಿದರು.

ಕತ್ತರಿಕೈ: ಆದರೆ ಅವರು ಕೂತು ನಿಜಕ್ಕೂ ಆಟ ಆಡ್ತಾರಲ್ಲ ಸರ್. 2006ರಲ್ಲಿ ಯೂಟ್ಯೂಬ್‌ಗೆ ಬಂದ ಬ್ರಿಟನ್ನಿನ ಅಜ್ಜ ಪೀಟರ್ ಓಕ್ಲಿ ಹುಟ್ಟಿದ ವರ್ಷವನ್ನೇ ಹೆಸರಿಗೆ ಸೇರಿಸಿ ‘ಜೆರಿಯಾಟ್ರಿಕ್1927’ (ಜೆರಿಯಾಟ್ರಿಕ್ ಅಂದ್ರೆ ಮುಪ್ಪಿನವರು) ಅಂತಿಟ್ಟುಕೊಂಡಿದ್ದರು. ವಯಸ್ಸಿನ ಮಾತು ಹೆಸರಲ್ಲೇ ಮುಗೀತು, ಆಮೇಲೆ ಬದುಕಿನ ಕಥೆ. ನನ್ನ ತಕರಾರು ‘ವಯಸ್ಸಲ್ಲೂ’ದಲ್ಲಿರೋ ಆ ‘ಊ’ ಮೇಲೆ. ಅದು ಬಂದ ಕೂಡಲೇ ಕಾಮೆಂಟ್ ಎಲ್ಲ ‘ಅಯ್ಯೋ ಪಾಪ, ಗ್ರೇಟ್’. ಮಾಡಿದ ಕೆಲಸದ ಬಗ್ಗೆ ಒಂದು ಪ್ರಶ್ನೆನೂ ಬರಲ್ಲ.

ಬೆಳಕುಬಾವಿ: ಅದಕ್ಕಿಂತ ದೊಡ್ಡ ಎಡವಟ್ಟು ಬ್ಯೂಟಿ ಫಿಲ್ಟರ್. ಅದು ಮುಖ ಮಾತ್ರ ತೀಡುತ್ತೆ, ಕುತ್ತಿಗೆ, ಕೈ ಹಾಗೇ ಇರುತ್ತೆ. ಕೈ ಮುಖದ ಮುಂದೆ ಬಂತೋ, ಸುಕ್ಕು ಒಂದು ಕ್ಷಣ ಇಣುಕಿ ಮಾಯ. ಫಿಲ್ಟರ್ ತೆಗೆದು, ಅಗಲವಾದ ಮೆತ್ತನೆ ಬೆಳಕನ್ನ ಎದುರಿಗೆ, ಕಣ್ಣಿಗಿಂತ ತುಸು ಮೇಲೆ ಇಡಿ. ಪಕ್ಕದಿಂದ ಬೀಳೋ ಗಡುಸು ಬೆಳಕೇ ಗೆರೆಗಳನ್ನ ಆಳ ಮಾಡೋದು. ಉಂಗುರದ ಆಕಾರದ ರಿಂಗ್ ಲೈಟ್ ಕನ್ನಡಕದಲ್ಲಿ ಎರಡು ಬಳೆ ಇಟ್ಟ ಹಾಗೆ ಕಾಣುತ್ತೆ. ಲೈಟನ್ನ ಇನ್ನಷ್ಟು ಎತ್ತರಿಸಿ, ಕನ್ನಡಕದ ಕಡ್ಡಿ ಕಿವಿ ಮೇಲೆ ಒಂಚೂರು ಎತ್ತಿದರೆ ಗಾಜು ಕೆಳಕ್ಕೆ ಬಾಗಿ ಬಳೆ ಹೋಗುತ್ತೆ. ಫೋನ್ ಒಂದೂವರೆ ಮೀಟರ್ ದೂರದಲ್ಲಿರಲಿ, ಹಿಂದಿನ ಕ್ಯಾಮೆರಾ, 2 ಪಟ್ಟು ಜೂಮ್. ಸೆಲ್ಫಿಯಲ್ಲಿ ಮೂಗು ದಪ್ಪ ಕಾಣೋಕೆ ಕಾರಣ ವಯಸ್ಸಲ್ಲ, ಫೋನ್ ಅಷ್ಟು ಹತ್ತಿರ ಇರೋದು.

ಕತ್ತರಿಕೈ: ಬೈಫೋಕಲ್ (ಮೇಲೆ ದೂರಕ್ಕೆ, ಕೆಳಗೆ ಓದೋಕೆ ಇರೋ ಕನ್ನಡಕ) ಹಾಕೋರಿಗೆ ಟೆಲಿಪ್ರಾಂಪ್ಟರ್ (ಹೇಳಬೇಕಾದ ಮಾತನ್ನ ಕ್ಯಾಮೆರಾ ಹತ್ತಿರ ತೋರಿಸೋ ಪರದೆ) ಕೊಡಲೇಬೇಡಿ. ಗಾಜಿನ ಕೆಳಭಾಗದಲ್ಲಿ ಓದೋಕೆ ಗದ್ದ ಮೇಲೆತ್ತುತ್ತಾರೆ, ನೋಡೋರಿಗೆ ಜಂಬದ ಹಾಗೆ ಕಾಣುತ್ತೆ. ಲೆನ್ಸ್ ಕೆಳಗೆ ದಪ್ಪಕ್ಷರದಲ್ಲಿ ಮೂರು ಪದ ಬರೆದು ಅಂಟಿಸಿದರೆ ಸಾಕು.

ದೀಪದಬುಡ: ಒಪ್ಪಿದೆ. ಆದರೆ ಮಾತು ನಿಧಾನ ಅಂತ ವೀಕ್ಷಕರು ಓಡಿಹೋಗ್ತಾರಲ್ಲ?

ಕತ್ತರಿಕೈ: ನಿಧಾನಕ್ಕಲ್ಲ ಓಡೋದು, ಶುರುವಿನ ‘ಎಲ್ಲರಿಗೂ ನಮಸ್ಕಾರ, ಇವತ್ತು ನಾನು...’ಗೆ. ಅದನ್ನ ತೆಗೆದು ಕೆಲಸ ಮಾಡ್ತಿರೋ ಕೈಯಿಂದ ಶುರು ಮಾಡಿ. ಮಧ್ಯದ ಮೌನವನ್ನ ಪೂರ್ತಿ ಕತ್ತರಿಸಿದರೆ ಉಸಿರೂ ಹೋಗುತ್ತೆ, ಏದುಸಿರು ಬಿಡ್ತಿದ್ದಾರೇನೋ ಅನ್ಸುತ್ತೆ. ಅರ್ಧ ಸೆಕೆಂಡ್ ಉಳಿಸಿ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿದ್ದರೆ ಮೆಲ್ಲನೆ ದನಿಯೂ ಸ್ಪಷ್ಟ.

ಬೆಳಕುಬಾವಿ: ಇನ್ನೊಂದು. ಖಾತೆ ನಡೆಸೋದು ಮೊಮ್ಮಕ್ಕಳಾದರೆ, ದುಡ್ಡು ಪಡೆದು ಹಾಕಿದ ವಿಡಿಯೋಗೆ ‘ಪೇಯ್ಡ್ ಪ್ರಮೋಷನ್’ ಗುರುತು ಹಾಕೋದು ಮರೀತಾರೆ. ಕೀಲುನೋವಿನ ಮಾತ್ರೆ ಹಿಡಿದು ನಗೋ ಅಜ್ಜಿಯನ್ನ ಜನ ವೈದ್ಯರಷ್ಟೇ ನಂಬ್ತಾರೆ, ಬೈಗುಳವೂ ಅಜ್ಜಿಗೇ.

ಪುಟ್ಟ_ಎಡಿಟರ್: ಸರಿ, ನಾನು ಎಡಿಟ್ ಮಾಡೋ ಖಾತೆಯ ಬಯೋ ಬದಲಾಯಿಸ್ತಿದ್ದೀನಿ: ‘ಹರಿದ ಬಟ್ಟೆಗೆ ಕೈಹೊಲಿಗೆ. ವಾರಕ್ಕೆರಡು ವಿಡಿಯೋ. 74.’

ದೀಪದಬುಡ: 74 ಅಂತೂ ಬಿಡಲಿಲ್ಲ ನೋಡಿ!