ಸಹಾಯ ಬೇಕು: 4 ಸಾವಿರದೊಳಗೆ ಪುಟ್ಟ ಡ್ಯಾಶ್‌ಕ್ಯಾಮ್ ಯಾವುದು ಒಳ್ಳೇದು?

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ವ್ಯಾಗನ್ ಆರ್‌ಗೆ ಡ್ಯಾಶ್‌ಕ್ಯಾಮ್ (ಓಡಿಸುವಾಗ ಮುಂದಿನ ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ಹಾಕಿಸಬೇಕು. ಬಜೆಟ್ 4 ಸಾವಿರ, ಮೆಮೊರಿ ಕಾರ್ಡ್ ಬಿಟ್ಟು. ದಿನಾ ಹೆಬ್ಬಾಳದ ಟ್ರಾಫಿಕ್, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರು.

ಒಳಗಿನ ಕನ್ನಡಿ ಹಿಂದೆ ಅಡಗುವಷ್ಟು ಚಿಕ್ಕದಿರಬೇಕು. ಸ್ಕ್ರೀನ್ ಬೇಡ, ಫೋನಲ್ಲೇ ನೋಡಿಕೊಳ್ಳುತ್ತೇನೆ. ಕಾರು ಇಡೀ ದಿನ ಬಿಸಿಲಲ್ಲಿ ನಿಂತಿರುತ್ತದೆ. ಬ್ಯಾಟರಿ ಇರುವುದಾದರೆ ಕಾದು ಉಬ್ಬಿಕೊಳ್ಳುವ ಭಯ. ಹಾಗಾಗಿ ಬ್ಯಾಟರಿ ಬದಲು, ಬಿಸಿ ಹೆಚ್ಚು ತಡೆಯುವ ಸೂಪರ್ ಕೆಪಾಸಿಟರ್ ಇರುವುದೇ ಬೇಕು.

70ಮೈ, ಕ್ಯೂಬೊ ಎರಡೂ ಕಂಪನಿಯವನ್ನು ನೋಡುತ್ತಿದ್ದೇನೆ. ವಿಡಿಯೋ ಸ್ಪಷ್ಟತೆ 1080ಪಿ ಇದ್ದರೆ ಸಾಕಾ? ರಾತ್ರಿ ಎದುರಿನವರು ಹೈ ಬೀಮ್ ಹಾಕಿಕೊಂಡು ಬಂದರೆ ನಂಬರ್ ಪ್ಲೇಟ್ ಓದೋಕೆ ಆಗುತ್ತಾ? ಅಂಗಡಿಯಲ್ಲಿ ತೋರಿಸುವ ವಿಡಿಯೋ ಎಲ್ಲಾ ಮಟಮಟ ಮಧ್ಯಾಹ್ನದ್ದೇ! ಪಾರ್ಕಿಂಗ್ ಮೋಡ್‌ಗೆ (ಕಾರು ನಿಲ್ಲಿಸಿದಾಗಲೂ ರೆಕಾರ್ಡ್ ಆಗೋದು) ಫ್ಯೂಸ್ ಬಾಕ್ಸ್‌ನಿಂದ ವೈರ್ ಎಳೆಸಬೇಕಂತೆ, ಅದು ಸದ್ಯಕ್ಕೆ ಬೇಡ. 64 ಜಿಬಿ ಹೈ ಎಂಡ್ಯೂರೆನ್ಸ್ (ಸದಾ ರೆಕಾರ್ಡ್ ಮಾಡಿದರೂ ಬಾಳಿಕೆ ಬರುವ) ಕಾರ್ಡ್ ಸಾಕಾಗುತ್ತೆ ಅಲ್ವಾ? ಬಳಸುತ್ತಿರುವವರು ರಾತ್ರಿಯ ಒಂದು ಕ್ಲಿಪ್ ಹಾಕಿದರೆ ಉಪಕಾರ.