ಸ್ಕೀ ಚೆನ್ನಾಗಿ ಬರುತ್ತದೆ, ಸ್ನೋಬೋರ್ಡ್‌ನಲ್ಲಿ ಟೋ ಸೈಡ್ ತಿರುವೇ ಆಗುತ್ತಿಲ್ಲ

ಹಿಮಗನ್ನಡತಿ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ, ಚಳಿಗಾಲದಲ್ಲಿ ರಜೆ ಸಿಕ್ಕರೆ ಟಾಹೋ ಸರೋವರದ ಸ್ಕೀ ಬೆಟ್ಟಗಳ ಕಡೆ ಓಡುತ್ತೇನೆ. ಸ್ಕೀ ಕಲಿತು ತುಂಬ ವರ್ಷ ಆಯಿತು, ಕೆಲಸಕ್ಕೆ ಅಂತ ಜ್ಯೂರಿಕ್‌ನಲ್ಲಿದ್ದಾಗ ಕಲಿತದ್ದು. ಬ್ಲ್ಯಾಕ್ ಡೈಮಂಡ್ ಅನ್ನೋ ಕಡಿದಾದ ಇಳಿಜಾರು, ಮೊಗಲ್ ಅನ್ನೋ ಹಿಮದ ಗುಡ್ಡೆಗಳು, ಮರಗಳ ಮಧ್ಯೆ ಇಳಿಯೋದು, ಯಾವುದಕ್ಕೂ ಹೆದರಿಕೆ ಇಲ್ಲ. ಈ ಸೀಸನ್‌ನಲ್ಲಿ ಸ್ನೋಬೋರ್ಡ್ ಬಾಡಿಗೆಗೆ ತೆಗೆದುಕೊಂಡು ಶುರು ಮಾಡಿದೆ.

ಹೀಲ್ ಸೈಡ್, ಅಂದರೆ ಬೋರ್ಡಿನ ಹಿಮ್ಮಡಿ ಕಡೆಯ ಅಂಚಿನ ಮೇಲೆ ಹೋಗೋದು, ಪರವಾಗಿಲ್ಲ. ಅಡ್ಡಡ್ಡ ಜಾರಿಕೊಂಡು ಇಳಿಯುತ್ತೇನೆ, ಉದುರುವ ಎಲೆಯ ಹಾಗೆ ಒಂದೇ ಅಂಚಿನ ಮೇಲೆ ಎಡಕ್ಕೆ ಬಲಕ್ಕೆ ತೂಗುತ್ತ ಇಳಿಯೋ ಫಾಲಿಂಗ್ ಲೀಫ್ ಕೂಡ ಬರುತ್ತದೆ. ಅಲ್ಲಿಂದ ಬೆರಳುಗಳ ಕಡೆಯ ಅಂಚಿಗೆ, ಅಂದರೆ ಟೋ ಸೈಡ್‌ಗೆ ತಿರುಗಬೇಕು ಅಂದರೆ ಬೋರ್ಡ್ ಕೆಳಗೆ ಮುಖ ಮಾಡುತ್ತದೆ, ನಾನು ಹಿಂಗಾಲಿನಿಂದ ಜೋರಾಗಿ ತಳ್ಳುತ್ತೇನೆ, ಅದು ಗಿರ್ರನೆ ಅಡ್ಡ ತಿರುಗುತ್ತದೆ, ಆಮೇಲೆ ಏನಾಯಿತು ಅಂತ ತಿಳಿಯುವುದರೊಳಗೆ ನೆಲದ ಮೇಲಿರುತ್ತೇನೆ. ಬಲತೊಡೆ ಉರಿಯುತ್ತದೆ. ಗ್ರೂಪ್ ಕ್ಲಾಸ್ ಒಂದು ಆಗಿದೆ, ಹಾಗಾಗಿ ದಯವಿಟ್ಟು "ಕ್ಲಾಸ್ ತೆಗೆದುಕೊಳ್ಳಿ" ಅಂತ ಮಾತ್ರ ಹೇಳಬೇಡಿ. ತಪ್ಪಿರೋದು ಸಾಮಾನಿನಲ್ಲೋ ನನ್ನಲ್ಲೋ?

ಎಡಗಾಲು_ಮುಂದೆ:
ಮೇಡಂ, ಬೀಳುತ್ತೇನೆ ಅಂದರೆ ಸಾಲದು, ಯಾವ ಕಡೆಗೆ ಬೀಳುತ್ತೀರಿ ಅನ್ನೋದು ಮುಖ್ಯ. ಮುಂದಕ್ಕೆ ಮಂಡಿ ಮೇಲೆ ಬಿದ್ದರೆ ಕಾರಣ ಒಂದು, ಹಿಂದಕ್ಕೆ ಬಿದ್ದು ಬೆನ್ನುಮೂಳೆ ಬುಡಕ್ಕೆ ಪೆಟ್ಟಾದರೆ ಕಾರಣ ಇನ್ನೊಂದು. ಯಾವ ಕಾಲು ಮುಂದೆ? ತಿರುಗುವಾಗ ಕಣ್ಣು ಎಲ್ಲಿರುತ್ತದೆ? ಇಳಿಜಾರು ಎಷ್ಟಿದೆ? ಬೂಟ್ ಬಿಗಿಯಾಗಿದೆಯಾ? ಇಷ್ಟು ಹೇಳಿ, ಆಮೇಲೆ ನೋಡೋಣ.

ಸೋಮಾರಿ_ಸ್ಕೀಯರ್:
ಇಷ್ಟೆಲ್ಲ ಕಷ್ಟ ಯಾಕೆ, ವಾಪಸ್ ಬನ್ನಿ! ಯೂಟಾದ ಆಲ್ಟಾ, ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್, ಈ ಮೂರು ಕಡೆ ಇವತ್ತಿಗೂ ಸ್ನೋಬೋರ್ಡ್ ಒಳಗೇ ಬಿಡುವುದಿಲ್ಲ. ಸುಮ್ನೆ ಹೇಳಿದೆ, ಬೇಜಾರಾಗಬೇಡಿ.

ಹಿಮಗನ್ನಡತಿ:
ಎಡಗಾಲೇ ಮುಂದೆ, ಅಂದರೆ ರೆಗ್ಯುಲರ್. ಬೀಳೋದು ಹೆಚ್ಚಾಗಿ ಹಿಂದಕ್ಕೆ. ಸೊಂಟದ ಕೆಳಗೆ ಪೆಟ್ಟು, ಒಂದು ಸಲ ತಲೆಯ ಹಿಂಭಾಗಕ್ಕೂ ಬಿತ್ತು, ಹೆಲ್ಮೆಟ್ ಇತ್ತು ಪುಣ್ಯಕ್ಕೆ. ಗ್ರೀನ್ ಅಂತ ಗುರುತಿಸಿದ ಹೊಸಬರ ಇಳಿಜಾರಿನಲ್ಲೇ, ಅದರಲ್ಲೂ ತುಂಬ ಚಪ್ಪಟೆ ಇರುವ ಜಾಗದಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. ಕಣ್ಣು ಬೋರ್ಡ್ ಮೇಲೆ, ಇಲ್ಲಾಂದ್ರೆ ಕೆಳಗೆ ಕಣಿವೆ ಕಡೆ. ಬೂಟ್ ಸ್ಕೀ ಬೂಟಿಗಿಂತ ಎಷ್ಟೋ ಆರಾಮ, ಒಂದು ಸೈಜ್ ದೊಡ್ಡದೇ ಕೊಟ್ಟರು. ಮುಂದಕ್ಕೆ ಬಾಗಿದರೆ ಹಿಮ್ಮಡಿ ಸ್ವಲ್ಪ ಮೇಲೆ ಏಳುತ್ತದೆ. ಅದು ಮಾಮೂಲಿ ಅಲ್ವಾ?

ಎಡಗಾಲು_ಮುಂದೆ:
ಮಾಮೂಲಿ ಅಲ್ಲ. ಅಲ್ಲಿಂದಲೇ ಶುರು ಮಾಡೋಣ.

ಟೋ ಸೈಡ್‌ನಲ್ಲಿ ಎಡ್ಜ್, ಅಂದರೆ ಬೋರ್ಡಿನ ಅಂಚು, ಏಳಬೇಕಾದರೆ ಹಿಮ್ಮಡಿ ಮೇಲೆ ಹೋದಾಗ ಅದರ ಜೊತೆ ಬೂಟು, ಬೂಟಿನ ಜೊತೆ ಅದನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗು, ಅದರ ಜೊತೆ ಬೋರ್ಡೂ ಏಳಬೇಕು. ನಿಮ್ಮದರಲ್ಲಿ ಹಿಮ್ಮಡಿ ಒಂದೇ ಏಳುತ್ತಿದೆ, ಬೋರ್ಡ್ ಇದ್ದಲ್ಲೇ ಇದೆ. ಸ್ಕೀಯಿಂದ ಬಂದವರು ಇಲ್ಲಿ ಮೋಸ ಹೋಗೋದು ಜಾಸ್ತಿ, ಯಾಕೆಂದರೆ ಆ ಗಟ್ಟಿ ಪ್ಲಾಸ್ಟಿಕ್ ಬೂಟಿನಲ್ಲಿ ವರ್ಷಗಟ್ಟಲೆ ಕಾಲು ಹಿಂಡಿಸಿಕೊಂಡವರಿಗೆ ಯಾವ ಮೆತ್ತನೆ ಬೂಟು ಕೊಟ್ಟರೂ ಸ್ವರ್ಗವೇ. ನೇರ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ತಾಗಬೇಕು, ಮಂಡಿ ಮಡಿಸಿದರೆ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಅಲುಗಬಾರದು. ಒಂದೇ ಒಂದು ತೆಳು ಸಾಕ್ಸ್ ಹಾಕಿ. ಎರಡು ಸಾಕ್ಸ್ ಹಾಕಿ ಬಿಗಿ ಮಾಡೋದು ಪರಿಹಾರ ಅಲ್ಲ.

ಈಗ ನಿಮ್ಮ ವಿಷಯ. ಸ್ಕೀಯಲ್ಲಿ ನಿಮ್ಮ ಎದೆ ಯಾವತ್ತೂ ಕಣಿವೆ ಕಡೆಗೇ ಇರುತ್ತದೆ. ಕಾಲು ಎಡಕ್ಕೆ ಬಲಕ್ಕೆ ತಿರುಗಿದರೂ ಮೈ ಮೇಲ್ಭಾಗ ಕೆಳಗೇ ನೋಡುತ್ತಿರುತ್ತದೆ. ಅಷ್ಟು ವರ್ಷ ಅದನ್ನೇ ಸರಿ ಅಂತ ಮೈಗೆ ಕಲಿಸಿದ್ದೀರಿ. ಬೋರ್ಡ್ ಮೇಲೆ ಟೋ ಸೈಡ್ ಅಂದರೆ ಕಣಿವೆಗೆ ಬೆನ್ನು ಹಾಕಿ ನಿಲ್ಲೋದು. ಇಳಿಯುತ್ತಿರುವ ದಿಕ್ಕಿಗೆ ಬೆನ್ನು ಕೊಡೋದು ಸ್ಕೀ ಮಾಡುವ ಮೈಗೆ ಒಪ್ಪುವುದೇ ಇಲ್ಲ. ಹಾಗಾಗಿ ತಿರುವು ಮುಗಿಯುವ ಹೊತ್ತಿಗೆ ನಿಮಗೆ ಗೊತ್ತಿಲ್ಲದೆಯೇ ಎಡ ಭುಜ ಕಣಿವೆ ಕಡೆ ತೆರೆದುಕೊಳ್ಳುತ್ತದೆ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಹಿಮ್ಮಡಿ, ಬೋರ್ಡ್ ಚಪ್ಪಟೆಯಾಗುತ್ತದೆ, ಕೆಳಗಿನ ಕಡೆ ಇರುವ ಹೀಲ್ ಎಡ್ಜ್ ಹಿಮಕ್ಕೆ ಕಚ್ಚಿಕೊಳ್ಳುತ್ತದೆ, ಡಬ್ ಅಂತ ಹಿಂದಕ್ಕೆ. ಏನಾಯಿತು ಅಂತ ತಿಳಿಯೋದೇ ಇಲ್ಲ ಅಂದಿರಲ್ಲ, ಅದು ಇದೇ.

ಬೋರ್ಡ್ ನೇರ ಕೆಳಗೆ ಹೋಗುತ್ತಿರುವಾಗ ಚಪ್ಪಟೆ ಇದ್ದರೂ ಎಡ್ಜ್ ಕಚ್ಚುವುದು ಕಡಿಮೆ. ಅಡ್ಡ ನಿಂತಿದ್ದಾಗ ಚಪ್ಪಟೆಯಾದರೆ ಕಚ್ಚುತ್ತದೆ. ನೀವು ಹಿಂಗಾಲಿನಿಂದ ತಳ್ಳಿ ಗಿರ್ರನೆ ಅಡ್ಡ ಮಾಡುವಾಗ ಎಡ್ಜ್ ಇನ್ನೂ ಬದಲಾಗಿಯೇ ಇರುವುದಿಲ್ಲ. ಬೈಕ್ ಓಡಿಸುವವರು ಆಟೊ ಹ್ಯಾಂಡಲ್ ಹಿಡಿದು ತಿರುವಿನಲ್ಲಿ ಮೈ ವಾಲಿಸಿದ ಹಾಗೆ, ಅಲ್ಲಿಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಮೊದಲು ತಿರುವನ್ನೇ ಬಿಟ್ಟುಬಿಡಿ. ಬೆಟ್ಟದ ಕಡೆ ಮುಖ ಮಾಡಿ ಟೋ ಎಡ್ಜ್ ಮೇಲೆ ನಿಂತು ಸುಮ್ಮನೆ ಕೆಳಗೆ ಜಾರಿ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ಬೂಟಿನ ನಾಲಿಗೆಗೆ ಒತ್ತಬೇಕು, ಸೊಂಟ ಮುಂದೆ ಬರಬೇಕು, ಮಂಡಿ ಮಡಿಸಿರಬೇಕು. ನಡು ಮಡಿಸಿ ನೆಲ ನೋಡಬಾರದು. ಬೂಟಿಗೆ ಆ ಮೂಳೆ ಒತ್ತೋದು ನಿಮಗೆ ಸ್ಕೀಯಲ್ಲೇ ಅಭ್ಯಾಸ ಇದೆ, ಸ್ಕೀಯಿಂದ ಇಲ್ಲಿಗೆ ಹಾಗೇ ತರಬಹುದಾದ್ದು ಅದೊಂದು. ಇದು ಬಂದ ಮೇಲೆ ಟೋ ಎಡ್ಜ್ ಮೇಲೆಯೇ ಎಡಕ್ಕೆ ಬಲಕ್ಕೆ ಫಾಲಿಂಗ್ ಲೀಫ್ ಮಾಡಿ. ಬಹಳ ಜನ ಅದನ್ನು ಹೀಲ್ ಮೇಲೆ ಮಾತ್ರ ಮಾಡಿ ಮುಂದೆ ಹೋಗುತ್ತಾರೆ.

ಆಮೇಲೆ ತಿರುವು. ಹೀಲ್ ಎಡ್ಜ್ ಮೇಲೆ ಅಡ್ಡ ಸಾಗುತ್ತಿರುವಾಗ ಭಾರ ಮುಂಗಾಲಿಗೆ ಕೊಡಿ. ಭಯ ಆದಾಗ ಮೈ ತಾನಾಗಿ ಹಿಂದೆ ವಾಲುತ್ತದೆ, ಆಗ ಮೂತಿ, ಅಂದರೆ ಬೋರ್ಡಿನ ಮುಂದಿನ ತುದಿ, ಹಗುರಾಗಿ ಬೋರ್ಡ್ ನಿಮ್ಮ ಮಾತು ಕೇಳುವುದಿಲ್ಲ. ಮುಂಗಾಲಿನ ಬೆರಳುಗಳನ್ನು ಮಾತ್ರ ಕೆಳಗೆ ಒತ್ತಿ, ಹಿಂಗಾಲು ಇನ್ನೂ ಹೀಲ್ ಮೇಲೇ ಇರಲಿ. ಬೋರ್ಡ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಅದು ಹಾಗೆ ತಿರುಚಿಕೊಳ್ಳಲಿ ಅಂತಲೇ ಮಾಡಿರೋದು. ಮೂತಿ ತಾನೇ ಕೆಳಗೆ ಬರುತ್ತದೆ. ಇಲ್ಲಿ ಕಾಯಬೇಕು. ಅವಸರದಲ್ಲಿ ಹಿಂಗಾಲು ಬೀಸಿದರೆ ಕೆಟ್ಟಿತು. ನೇರ ಕೆಳಗೆ ಮುಖ ಮಾಡಿದ ಮೇಲೆ ಹಿಂಗಾಲಿನ ಬೆರಳೂ ಒತ್ತಿ. ಎಡಗೈ ಬೋರ್ಡಿನ ಮೂತಿ ಮೇಲೆ ಚಾಚಿರಲಿ, ತಿರುವು ಮುಗಿಯುವಾಗ ಅದೇ ಕೈ ಬೆಟ್ಟದ ಮೇಲ್ಭಾಗ ತೋರಿಸಬೇಕು, ಕಣ್ಣೂ ಅಲ್ಲೇ. ಬಲಗೈ ಪದೇಪದೇ ಮುಂದೆ ಬರುತ್ತಿದ್ದರೆ ಪ್ಯಾಂಟಿನ ಹೊಲಿಗೆ ಹಿಡಿದುಕೊಳ್ಳಿ. ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ.

ಇನ್ನೊಂದು: ಆ ಚಪ್ಪಟೆ ಜಾಗ ಬಿಡಿ. ಸ್ವಲ್ಪ ಇಳಿಜಾರಿದ್ದರೆ ಎಡ್ಜ್ ನಿಲ್ಲಿಸೋದು ಸುಲಭ. ಚಪ್ಪಟೆಯಲ್ಲಿ ಬೋರ್ಡೂ ಚಪ್ಪಟೆ, ಕಚ್ಚೋದು ಜಾಸ್ತಿ. ಹಾಗಂತ ಸ್ಕೀ ಧೈರ್ಯದಲ್ಲಿ ಗ್ರೀನ್‌ಗಿಂತ ಕಷ್ಟದ ಬ್ಲೂಗೆ ಹೋಗಬೇಡಿ.

ಕಡಲತಡಿ_ಡೆನ್ವರ್:
ಮಾಸ್ತರು ಹೇಳಿದ್ದೆಲ್ಲ ಸರಿ, ಬೈಂಡಿಂಗ್ ವಿಷಯ ಮಾತ್ರ ಬಿಟ್ಟುಬಿಟ್ಟರಲ್ಲ ಮಾರಾಯ್ರೆ. ಆ್ಯಂಗಲ್ ಎಷ್ಟಿದೆ ನೋಡಿ. ಬಾಡಿಗೆ ಬೋರ್ಡ್‌ಗಳಲ್ಲಿ ಮುಂದೆ +15, ಹಿಂದೆ -15 ಡಿಗ್ರಿ ಇಡೋದು ತುಂಬ ಸಾಮಾನ್ಯ, ಎರಡು ಪಾದವೂ ಹೊರಕ್ಕೆ ತಿರುಗಿರುತ್ತವೆ. ಸ್ಕೀಯಿಂದ ಬಂದವರಿಗೆ ಹಿಂಗಾಲಿನ ಮಂಡಿ ಅದರಲ್ಲಿ ಎಳೆದ ಹಾಗೆ ಆಗುತ್ತದೆ. ಹಿಂದಿನದು -6 ಅಥವಾ 0 ಮಾಡಿಸಿ ನೋಡಿ. ಎರಡು ಬೈಂಡಿಂಗ್ ನಡುವಿನ ಅಗಲವೂ ಭುಜದಷ್ಟು ಅಥವಾ ಚೂರು ಜಾಸ್ತಿ ಇದ್ದರೆ ಸಾಕು. ಬೈಂಡಿಂಗ್‌ನಲ್ಲಿ ಕಾಲಿನ ಹಿಂದೆ ಆಸರೆಯಾಗಿರುವ ಹೈಬ್ಯಾಕ್ ಮುಂದಕ್ಕೆ ವಾಲಿಸಿದ್ದರೆ ಅದನ್ನೂ ಸೊನ್ನೆಗೆ ತನ್ನಿ.

ಎಡಗಾಲು_ಮುಂದೆ:
-6 ಒಪ್ಪುತ್ತೇನೆ. 0 ಬೇಡ ಅನ್ನೋದು ನನ್ನ ಅಭಿಪ್ರಾಯ. ಹಿಂಗಾಲು ಮುಂದಕ್ಕೆ ತಿರುಗಿದಷ್ಟೂ ಸೊಂಟ, ಎದೆ ಬೋರ್ಡಿನ ಮೂತಿ ಕಡೆ ಬರುತ್ತವೆ. ಅವರು ಬಿಡಬೇಕಾದ ಅಭ್ಯಾಸವೇ ಅದು.

ಕಡಲತಡಿ_ಡೆನ್ವರ್:
ಎರಡೂ ಕಾಲು ಮುಂದಕ್ಕೆ ಇಟ್ಟು ಗಟ್ಟಿ ಬೂಟಿನಲ್ಲಿ ಕಾರ್ವಿಂಗ್, ಅಂದರೆ ಜಾರದೆ ಅಂಚಿನ ಮೇಲೇ ಕೊರೆದುಕೊಂಡು ತಿರುಗೋದು, ಮಾಡುವವರು ಎಷ್ಟು ಜನ ಇಲ್ವಾ? ಒಲಿಂಪಿಕ್ಸ್‌ನ ಇಬ್ಬರು ಅಕ್ಕಪಕ್ಕ ಇಳಿಯುವ ಪಂದ್ಯ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಲ್ಲಿ ಎಲ್ಲರೂ ಹಾಗೇ ನಿಲ್ಲೋದು. ಅದು ತಪ್ಪು ಅಂತೀರಾ?

ಎಡಗಾಲು_ಮುಂದೆ:
ತಪ್ಪು ಯಾರು ಅಂದರು? ಅದು ಬೇರೆ ಬೋರ್ಡ್, ಬೇರೆ ಬೂಟ್. ಟೋ ಎಡ್ಜ್ ಮೇಲೆ ನಿಲ್ಲೋಕೆ ಕಲಿಯುತ್ತಿರುವವರಿಗೆ ಈಗ ಅದು ಯಾಕೆ? ಮೇಡಂ, ಮಂಡಿ ನೋಯದಿದ್ದರೆ ಆ್ಯಂಗಲ್ ಮುಟ್ಟಬೇಡಿ. ಬೂಟು ಮತ್ತು ಭುಜ ಮೊದಲು.

ಹಿಮಗನ್ನಡತಿ:
ಹೋಗಿ ಬಂದೆ. ಈ ಸಲ ಟಾಹೋದ ನಾರ್ತ್‌ಸ್ಟಾರ್. ಐ-80 ಹೆದ್ದಾರಿಯಲ್ಲಿ ಚೈನ್ ಕಂಟ್ರೋಲ್ (ಟೈರಿಗೆ ಸರಪಳಿ ಇದೆಯಾ ಅಂತ ತಪಾಸಣೆ), ಅದರ ಕಥೆ ಬೇಡ ಬಿಡಿ.

ಬೂಟು ಅರ್ಧ ಸೈಜ್ ಅಲ್ಲ, ಪೂರ್ತಿ ಒಂದು ಸೈಜ್ ಕಡಿಮೆ ಮಾಡಿಸಿದೆ. ಬಾಡಿಗೆ ಅಂಗಡಿಯವರು ಚಿಕ್ಕದಾಗುತ್ತದೆ ಅಂತ ಎರಡೆರಡು ಸಲ ಹೇಳಿದರು, ನಾನು ಬಿಡಲಿಲ್ಲ. ಹಿಮ್ಮಡಿ ಅಲುಗುತ್ತಿಲ್ಲ. ಬೆಳಿಗ್ಗೆ ಪೂರ್ತಿ ಟೋ ಎಡ್ಜ್ ಮೇಲೆ ಜಾರೋದು, ಫಾಲಿಂಗ್ ಲೀಫ್ ಅಷ್ಟೇ. ಬೆನ್ನಿನ ಹಿಂದೆ ಯಾರು ಬರುತ್ತಿದ್ದಾರೋ ಅನ್ನೋ ಭಯ ಇತ್ತು. ಹೊರಡುವ ಮುಂಚೆ ಮೇಲೂ ಕೆಳಗೂ ನೋಡಿ ಹೊರಟರೆ ಸ್ವಲ್ಪ ಧೈರ್ಯ. ಮಧ್ಯಾಹ್ನ ತಿರುವು ಬಂತು! ಬೀಳಲಿಲ್ಲ ಅಂತಲ್ಲ, ಆದರೆ ಈಗ ಯಾಕೆ ಬಿದ್ದೆ ಅಂತ ಗೊತ್ತಾಗುತ್ತದೆ. ಭುಜ ಕಣಿವೆ ಕಡೆ ತೆರೆದರೆ ಬಿದ್ದೇ ಬೀಳುತ್ತೇನೆ, ಕೈ ಬೆಟ್ಟ ತೋರಿಸುತ್ತಿದ್ದರೆ ನಿಲ್ಲುತ್ತೇನೆ. ತೊಡೆ ಉರಿಯೂ ಹೋಯಿತು. ಆ್ಯಂಗಲ್ ಮುಟ್ಟಲಿಲ್ಲ.

ಹೊಸ ಸಮಸ್ಯೆಗಳು: ಅಲ್ಲಿನ ಉದ್ದುದ್ದ ಚಪ್ಪಟೆ ದಾರಿಗಳಲ್ಲಿ ನಿಂತೇ ಹೋಗುತ್ತೇನೆ, ಸ್ಕೀಯ ಹಾಗೆ ತಳ್ಳೋಕೆ ಕೈಯಲ್ಲಿ ಪೋಲ್ ಇಲ್ಲ, ಬೈಂಡಿಂಗ್ ಬಿಚ್ಚಿ ನಡೆಯೋದೇ ಆಯಿತು. ಲಿಫ್ಟ್‌ನಿಂದ ಇಳಿಯುವಾಗ ಪಕ್ಕದವರನ್ನೂ ಸೇರಿಸಿ ಬೀಳಿಸುತ್ತೇನೆ. ಮತ್ತೆ ಬಲಗೈ ಮಣಿಕಟ್ಟು ನೋಯುತ್ತಿದೆ.

ಸೋಮಾರಿ_ಸ್ಕೀಯರ್:
ಆ ಜಾಗಕ್ಕೆ ಇಲ್ಲಿನ ಜನ ಫ್ಲ್ಯಾಟ್‌ಸ್ಟಾರ್ ಅಂತ ಸುಮ್ನೆ ಕರೆಯುತ್ತಾರಾ! ಪೋಲ್ ಬೇಕಾದರೆ ನನ್ನವು ಇವೆ.

ಎಡಗಾಲು_ಮುಂದೆ:
ಮಣಿಕಟ್ಟು ಮೊದಲು. ಸ್ಕೀಯಲ್ಲಿ ಪೆಟ್ಟಾಗೋದು ಮಂಡಿಗೆ, ಪೋಲ್ ಹಿಡಿದು ಬಿದ್ದರೆ ಹೆಬ್ಬೆರಳಿಗೆ. ಸ್ನೋಬೋರ್ಡ್‌ನಲ್ಲಿ, ಅದರಲ್ಲೂ ಹೊಸಬರಿಗೆ, ಮಣಿಕಟ್ಟಿಗೆ. ಬೀಳುವಾಗ ಕೈ ಚಾಚಿ ಊರಬೇಡಿ. ಮುಷ್ಟಿ ಹಿಡಿದು, ಮುಂದಕ್ಕಾದರೆ ಮಂಡಿ ಮತ್ತು ಮುಂದೋಳಿನ ಮೇಲೆ ಬೀಳಿ. ಹಿಂದಕ್ಕಾದರೆ ಗಲ್ಲ ಎದೆಗೆ ಒತ್ತಿ, ಕುಕ್ಕರಿಸಿ ಬೆನ್ನ ಮೇಲೆ ಉರುಳಿ. ಮಣಿಕಟ್ಟಿನ ಗಾರ್ಡ್ ಹಾಕಿ. ಒಳಗೆ ಹಾಕುವ ದಪ್ಪ ಪ್ಯಾಡ್ ಚಡ್ಡಿಯೂ ಸಿಗುತ್ತದೆ, ನಾಚಿಕೆ ಬೇಡ.

ಕಡಲತಡಿ_ಡೆನ್ವರ್:
ಇದನ್ನು ಸಸಾರ ಮಾಡಬೇಡಿ ಮೇಡಂ. ಹೆಬ್ಬೆರಳು ಚಾಚಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒಂದು ಗುಳಿ ಕಾಣುತ್ತದೆ. ಅಲ್ಲಿ ಒತ್ತಿದರೆ ನೋವಿದ್ದರೆ ಡಾಕ್ಟರಿಗೆ ತೋರಿಸಿ. ಅಲ್ಲಿರುವ ಸ್ಕ್ಯಾಫಾಯ್ಡ್ ಅನ್ನೋ ಚಿಕ್ಕ ಮೂಳೆ ಬಿರುಕು ಬಿಟ್ಟಿದ್ದರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಹಾಗಾಗಿ ಎಕ್ಸ್‌ರೇ ಸರಿ ಇದೆ ಅಂದರೂ ನೋವು ಹೋಗದಿದ್ದರೆ ಮತ್ತೆ ಹೋಗಿ.

ಚಪ್ಪಟೆ ದಾರಿಗೆ: ಅದು ಬರುವ ಮುಂಚೆಯೇ ವೇಗ ಇಟ್ಟುಕೊಳ್ಳಬೇಕು, ಬಂದ ಮೇಲೆ ಅಲ್ಲ. ವೇಗದ ಭಯ ನಿಮಗೆ ಹೇಗೂ ಇಲ್ಲ, ದಾರಿ ಎಲ್ಲಿ ಚಪ್ಪಟೆ ಆಗುತ್ತದೆ ಅಂತ ದೂರದಿಂದಲೇ ಓದೋದೂ ಸ್ಕೀಯಿಂದ ಬಂದಿದೆ, ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಬೋರ್ಡ್ ನೇರ ಇಟ್ಟು ಒಂದು ಎಡ್ಜ್ ಕಡೆ ಚೂರೇ ಚೂರು ಭಾರ ಕೊಡಿ, ಪೂರ್ತಿ ಚಪ್ಪಟೆ ಬಿಡಬೇಡಿ. ಮಧ್ಯಾಹ್ನದ ಹೊತ್ತಿಗೆ ಹಿಮ ಒದ್ದೆಯಾಗಿ ಅಂಟುತ್ತದೆ, ಇಲ್ಲಿನ ಸಿಯೆರಾ ಪರ್ವತಗಳ ಒದ್ದೆ ಹಿಮಕ್ಕೆ ಸಿಯೆರಾ ಸಿಮೆಂಟ್ ಅನ್ನೋದು ಸುಮ್ನೆ ಅಲ್ಲ, ಆಗ ಒಳ್ಳೆ ವ್ಯಾಕ್ಸ್ ಇಲ್ಲದ ಬಾಡಿಗೆ ಬೋರ್ಡ್ ಇನ್ನೂ ಬೇಗ ನಿಲ್ಲುತ್ತದೆ.

ಎಡಗಾಲು_ಮುಂದೆ:
ಲಿಫ್ಟ್ ವಿಷಯ: ಕೆಳಗೆ ಚಪ್ಪಟೆ ಜಾಗದಲ್ಲಿ ಮುಂಗಾಲು ಮಾತ್ರ ಕಟ್ಟಿಕೊಂಡು, ಹಿಂಗಾಲಿನಿಂದ ನೆಲ ಒದೆಯುತ್ತ ಓಡಾಡಿ. ಬೇಜಾರಿನ ಕೆಲಸ, ಆದರೆ ಲಿಫ್ಟ್‌ನಿಂದ ಇಳಿಯೋದು ಅದೇ ತಾನೆ. ಇಳಿಯುವ ಮುಂಚೆ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿ ಕುಳಿತು ಬೋರ್ಡನ್ನು ನೇರ ಮುಂದಕ್ಕೆ ಇಡಿ. ನಿಲ್ಲುವಾಗ ಹಿಂಗಾಲನ್ನು ಹಿಂದಿನ ಬೈಂಡಿಂಗ್‌ಗೆ ಒತ್ತಿ ಬೋರ್ಡ್ ಮೇಲೆ ಇಡಿ, ಭಾರ ಮುಂಗಾಲಿಗೆ, ಕಣ್ಣು ದೂರಕ್ಕೆ. ತಿರುಗಲು ಹೋಗಬೇಡಿ, ತಾನಾಗಿ ನಿಲ್ಲುವವರೆಗೆ ನೇರ ಹೋಗಿ. ಹೊಸಬರು ಅಂತ ಲಿಫ್ಟ್‌ನವರಿಗೆ ಹೇಳಿದರೆ ಸಾಮಾನ್ಯವಾಗಿ ನಿಧಾನ ಮಾಡುತ್ತಾರೆ.

ಹಿಮಗನ್ನಡತಿ:
ಗುಳಿಯಲ್ಲಿ ಒತ್ತಿದರೆ ನೋವಿಲ್ಲ, ಉಬ್ಬೂ ಇಲ್ಲ. ಆದರೂ ಈ ವಾರ ತೋರಿಸುತ್ತೇನೆ. ಕೊನೆಗೊಂದು ಪ್ರಶ್ನೆ: ಈಗಲೇ ಸ್ವಂತ ಬೋರ್ಡ್ ಕೊಳ್ಳಲಾ? ಅಂಗಡಿಯಲ್ಲಿ, ಸ್ಕೀ ಇಷ್ಟು ಚೆನ್ನಾಗಿ ಬರುತ್ತಲ್ಲ, ಗಟ್ಟಿ ಬೋರ್ಡೇ ತಗೊಳ್ಳಿ ಅಂದರು.

ಎಡಗಾಲು_ಮುಂದೆ:
ಬೂಟು ಕೊಳ್ಳಿ, ಬೋರ್ಡ್ ಬಾಡಿಗೆಗೇ ಇರಲಿ. ಗಟ್ಟಿ ಬೋರ್ಡ್ ಮುಂಗಾಲು ಒತ್ತಿದರೂ ತಿರುಚಿಕೊಳ್ಳುವುದಿಲ್ಲ, ನೀವು ಮತ್ತೆ ಹಿಂಗಾಲು ಬೀಸಲು ಶುರು ಮಾಡುತ್ತೀರಿ. ಆಮೇಲೆ ಕೊಳ್ಳುವಾಗ ಮೆತ್ತನೆಯದು ತೆಗೆದುಕೊಳ್ಳಿ. ಗಲ್ಲದವರೆಗೆ ಬರಬೇಕು, ಮೂಗಿನವರೆಗೆ ಬರಬೇಕು ಅಂತ ಎತ್ತರ ಅಳೆಯೋದು ಅಂದಾಜಿಗೆ ಮಾತ್ರ, ಬೋರ್ಡ್ ಕಂಪನಿಯ ತೂಕದ ಪಟ್ಟಿ ನೋಡಿ. ಚಳಿಗಾಲ ಮುಗಿಯುವ ಹೊತ್ತಿಗೆ ಬೆಲೆ ಇಳಿಯುತ್ತದೆ, ಅಲ್ಲಿಯವರೆಗೆ ಅವಸರ ಇಲ್ಲ. ಡಾಕ್ಟರ್ ಏನಂದರು ಅಂತ ಇಲ್ಲೇ ಹಾಕಿ.